ಕಾಗದದಲ್ಲಿ ಉಳಿದ ಅರ್ಧ ಪುಟ

ಎರಡು ದಡ ಬಿಡಿಸಿ ನಡುವೆ ಏನೂ ಗೀಚದೆ ಬಿಟ್ಟರೆ ಅಲ್ಲಿ ನೀರು ಹರಿಯುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಹೇಗೆ ಎಂದು ಇವತ್ತಿಗೂ ತಿಳಿದಿಲ್ಲ.

ತೊಂಬತ್ತರ ದಶಕದ ಮಾತು. ಬಂಟ್ವಾಳ ಪೇಟೆಯ ಅಂಗಡಿಗಳ ಹಿಂದೆ ಒಂದು ತೋಡು ಹರಿಯುತ್ತಿತ್ತು. ಅದರ ಆಚೆ ದಡದಲ್ಲಿ ನಮ್ಮ ಮನೆ. ಅಪ್ಪ ಅಮ್ಮನನ್ನು ನಾವು ಉಪ್ಪ, ಉಮ್ಮ ಎನ್ನುತ್ತಿದ್ದೆವು. ಉಪ್ಪ ದುಬೈಯಲ್ಲಿದ್ದರು. ಉಮ್ಮನಿಗೆ ಓದುಬರಹ ಬಾರದು, ಅವಳು ಹೇಳಿದಂತೆ ಕಾಗದ ಬರೆಯುವುದು ನನ್ನ ಕೆಲಸ. "ನಾನೂ ಆರಾಮ ಇದ್ದೇನೆ" ಎಂಬುದು ಪ್ರತಿ ಕಾಗದದ ಕೊನೆಯ ಸಾಲು. ಆ ದಿನ ಅದನ್ನು ಬರೆದ ಮೇಲೂ ಅರ್ಧ ಪುಟ ಉಳಿಯಿತು. ಪುಟ ತುಂಬದ ಕಾಗದ ಕಂಡರೆ ಉಪ್ಪನಿಗೆ ಬೇಸರ. ನಾನೋ, ಬರೆಯಲು ವಿಷಯವಿಲ್ಲದೆ ಜಗಲಿಯಲ್ಲಿ ಪೆನ್ನು ಕಚ್ಚುತ್ತ ಕೂತಿದ್ದೆ.

ಒಂದು ಅಂಗಡಿಗೆ ಬೋರ್ಡ್ ಬರೆಯುತ್ತಿದ್ದ ಪೈಂಟರ್ ಕೈತೊಳೆಯಲು ತೋಡಿಗಿಳಿದರು. ಬಟ್ಟೆ ಒಗೆಯುತ್ತಿದ್ದ ಉಮ್ಮ ಪರಗಂಡಸನ್ನು ಕಂಡದ್ದೇ ತಲೆವಸ್ತ್ರ ಎಳೆದುಕೊಂಡು ಬರಿಗಾಲಲ್ಲೇ ಒಳಗೆ ನಡೆದಳು. ನಾನು ಧೈರ್ಯ ಮಾಡಿ ಕಾಗದ ಹಿಡಿದು ಹೋಗಿ, ಈ ಅರ್ಧ ಪುಟದಲ್ಲಿ ಉಪ್ಪನಿಗೆ ನಮ್ಮ ತೋಡು ಬಿಡಿಸಿ ಕೊಡುತ್ತೀರಾ ಎಂದು ಕೇಳಿದೆ. ಅವರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದರು.

ಒಂದು ಲೋಟ ಚಹಾ ಆರುವಷ್ಟು ಹೊತ್ತು, ಅಷ್ಟೇ. ಅಂಗಡಿಗಳ ಪಾಚಿಗಟ್ಟಿದ ಗೋಡೆ, ಒಗೆಯುವ ಕಲ್ಲು, ಅದರ ಮೇಲೆ ಅರ್ಧ ಹಿಂಡಿದ ಬಟ್ಟೆ, ಪಕ್ಕದಲ್ಲಿ ಉಮ್ಮ ಬಿಟ್ಟುಹೋದ ಹವಾಯಿ ಚಪ್ಪಲಿ. ನೀರಿಗೆ ಒಂದು ಗೆರೆಯೂ ಇಲ್ಲ, ಆದರೂ ಹರಿಯುತ್ತಿತ್ತು. ನಾನು ಪೆನ್ಸಿಲನ್ನೊಮ್ಮೆ, ತೋಡನ್ನೊಮ್ಮೆ ಪಿಳಿಪಿಳಿ ನೋಡಿದೆ. ಇದು ಜಾದೂ ಅಲ್ಲದಿದ್ದರೆ ಮತ್ತೇನು?

ತಿಂಗಳ ಮೇಲೆ ಉಪ್ಪನ ಉತ್ತರ ಬಂತು. ಅವರು ಕಾಗದ ಬರೆಯುತ್ತಿರಲಿಲ್ಲ, ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳುಹಿಸುತ್ತಿದ್ದರು. ಚಿತ್ರ ನೋಡಿ ನೋಡಿ ಸಾಕಾಗಲಿಲ್ಲ ಎಂದವರು ಉಮ್ಮನಿಗೆ ಹೇಳಿದರು: "ನಿನ್ನ ಬಲಗಾಲಿನ ಚಪ್ಪಲಿ ಹಿಮ್ಮಡಿಯಲ್ಲಿ ಹಪ್ಪಳದ ಹಾಗೆ ಸವೆದಿದೆ. ಎಡದ್ದು ಹೊಸದರ ಹಾಗೆಯೇ ಉಂಟು. ಎಡಗಾಲಿಗೆ ಎಂತ ಆಗಿದೆ?"

ಉಮ್ಮ ಟೇಪ್ ರೆಕಾರ್ಡರ್ ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದಳು. "ಆ ಪೈಂಟರಿಗೆ ಹೇಳಿದ್ದು ಯಾರು?"

ಯಾರೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದ ಉಮ್ಮ, ಉಪ್ಪ ಕೆಲಸ ಬಿಟ್ಟು ಬಂದುಬಿಟ್ಟಾರು ಎಂಬ ಹೆದರಿಕೆಯಿಂದ ಸುದ್ದಿಯನ್ನೇ ಮುಚ್ಚಿಟ್ಟಿದ್ದಳು. ಸೀರೆ ಸರಿಸಿ ತೋರಿಸಿದಾಗ ಎಡ ಮೊಣಕಾಲು ಊದಿಕೊಂಡಿತ್ತು. ನನಗೆ ನಾಚಿಕೆಯಾಯಿತು. ಹಗಲಿಡೀ ಅವಳ ಹಿಂದೆ ಮುಂದೆ ಸುತ್ತುತ್ತಿದ್ದವಳು ನಾನು. ಪೈಂಟರ್ ಅವಳ ಮುಖವನ್ನೂ ನೋಡಿರಲಿಲ್ಲ.

ಆ ಸಂಜೆಯೇ ಹೊಸ ಕಾಗದಕ್ಕೆ ಕೂತೆವು. ಕೊನೆಗೆ ಬಂದಾಗ, ಕೇಳುವುದೆಂತಕ್ಕೆ ಎಂದು, ನಾನು ಎಂದಿನ ಸಾಲನ್ನೇ ಬರೆಯಹೊರಟೆ. ಉಮ್ಮ ನನ್ನ ಕೈ ಹಿಡಿದಳು.

"ಕಾಲು ತುಂಬಾ ನೋಯ್ತದೆ ಅಂತ ಬರೆ," ಎಂದಳು.