ಹಾಡಿಸುವ ಡ್ರೈವರ್ ಮಾಮ

ಸ್ಕೂಲ್ ವ್ಯಾನಿನ ಡ್ರೈವರ್ ಮಾಮ ಎಂದರೆ ಮಕ್ಕಳಿಗೆ ಪಂಚಪ್ರಾಣ. ರಾತ್ರಿಯೆಲ್ಲ ಗೋದಾಮು ಕಾದು ಬಂದವನು ಎನರ್ಜಿ ಡ್ರಿಂಕನ್ನು ಗಟಗಟನೆ ಇಳಿಸಿ, "ನಿದ್ದೆಯೆಲ್ಲಾ ಸೋಮಾರಿಗಳಿಗೆ ಕಣ್ರೋ! ಹಾಡ್ರೋ, ಇನ್ನೂ ಜೋರಾಗಿ!" ಎಂದು ದಾರಿಯುದ್ದಕ್ಕೂ ಅವರನ್ನು ಗಂಟಲು ಹರಿಯುವಂತೆ ಹಾಡಿಸುತ್ತಾನೆ, ಸೀಟಿನಡಿ ಖಾಲಿ ಡಬ್ಬಿಗಳು ತಾಳ ಹಾಕುತ್ತವೆ. "ಎದೆ ಡವಡವ ಅನ್ನಲ್ವೇನಣ್ಣಾ?" ಎಂದು ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಕೇಳಿದರೆ, "ಬದುಕಿದೀನಿ ಅಂತ ಗೊತ್ತಾಗ್ಬೇಕಲ್ಲಮ್ಮ" ಎಂದು ನಗುತ್ತಾನೆ. ಕೈ ನಡುಗುವುದಕ್ಕೆ ಅವನು ಬೈಯುವುದು ವ್ಯಾನಿನ ಹಳೇ ಇಂಜಿನ್ನನ್ನು. ಇವತ್ತು ರೈಲ್ವೆ ಗೇಟಿನಲ್ಲಿ ಇಂಜಿನ್ ಆರಿಸಿದ ಮೇಲೂ ಆ ಕೈಗಳು ನಡುಗುತ್ತಲೇ ಇದ್ದವು. ರೈಲು ನೋಡಲು ಮಕ್ಕಳು ಹಾಡು ನಿಲ್ಲಿಸಿದ್ದೇ ತಡ, ಅವನ ತಲೆ ಎದೆಗೆ ವಾಲಿತು. ಈ ಹಾಡೆಲ್ಲ ಯಾತಕ್ಕಾಗಿ ಎಂಬುದು ಆಯಾಳಿಗೆ ಆಗ ಹೊಳೆಯಿತು. "ಹಾಡ್ರೋ..." ಎಂದು ಅವನು ಕಣ್ಣು ಬಿಡದೆಯೇ ತೊದಲಿದ. ಗೇಟು ತೆರೆಯುವಷ್ಟರಲ್ಲಿ ವ್ಯಾನಿನ ಕೀ ಆಯಾಳ ಮುಷ್ಟಿಯಲ್ಲಿತ್ತು.