ಎರಡನೇ ಸಲದ ರಕ್ತ

“ಎದಿಯಾಗಿನ ನೋವು ತೋಳಿನ ರಕ್ತಕ್ಕ ಹ್ಯಾಂಗ ಗೊತ್ತಾಗ್ತೈತಿ, ತಂಗಿ?”

ನಾನು ಸೂಜಿ ಹಿಡಿದು ನಿಂತಾಗ ಆ ಹಿರಿಯರು ಕೇಳಿದ ಪ್ರಶ್ನೆಯಿದು. ಹೈದರಾಬಾದಿನ ಮಲ್ಕಾಜ್‌ಗಿರಿಯ ಆಸ್ಪತ್ರೆಯೊಂದರಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಅವರು ರೈಲ್ವೆಯಿಂದ ನಿವೃತ್ತರಾದ ರಾಯಚೂರು ಕಡೆಯವರು. ಹೆಸರು ಕೇಳುವಾಗಲೇ ಇಬ್ಬರೂ ಕನ್ನಡಕ್ಕೆ ಹೊರಳಿದ್ದೆವು.

ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೋಪೋನಿನ್ ಎಂಬ ಪ್ರೋಟೀನ್ ಸೋರಿ ರಕ್ತಕ್ಕೆ ಬರುತ್ತದೆ, ನಮ್ಮ ಯಂತ್ರ ಹುಡುಕುವುದು ಅದನ್ನೇ ಎಂದೆ. ನೋವು ಮರೆತವರಂತೆ ಕಣ್ಣರಳಿಸಿ ಕೇಳಿದರು.

ಫಲಿತಾಂಶ ನಾರ್ಮಲ್ ಬಂತು. ಇಸಿಜಿಯಲ್ಲೂ ಏನೂ ಕಾಣಲಿಲ್ಲ. ಇನ್ನೊಮ್ಮೆ ರಕ್ತ ನೋಡಬೇಕು, ಇರಿ ಎಂದು ಡಾಕ್ಟರು ಹೇಳಿದರೂ ಕೇಳದೆ ಅವರು ಮನೆಗೆ ಹೊರಟರು. ಆಸ್ಪತ್ರೆಯ ಬಾಗಿಲ ಬಳಿ ಸಿಕ್ಕ ನನ್ನನ್ನು ನಿಲ್ಲಿಸಿ, “ಒಮ್ಮೆ ಇಲ್ಲ ಅಂದದ್ದು ಮತ್ತ ಎಲ್ಲಿಂದ ಬರ್ತೈತಿ?” ಎಂದರು.

“ಸೋರೋದು ಈಗ ಸುರು ಆಗಿದ್ರ ರಕ್ತದಾಗ ಕಾಣಾಕ ಕೆಲವು ತಾಸು ಬೇಕ್ರಿ, ಕಾಕಾ.”

“ಹಂಗಾರ ಅದನ್ನೂ ನೋಡೇ ಹೋಗೂಣು,” ಎಂದು ಅವರು ಹಿಂದಿರುಗಿ ಹಾಸಿಗೆಯ ಮೇಲೆ ಕುಳಿತರು.

ಎರಡನೇ ಸಲ ಅಂಕಿ ಹಲವು ಪಟ್ಟು ಏರಿತ್ತು. ಕೂಡಲೇ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅಂದೇ ಅವರಿಗೆ ಸ್ಟೆಂಟ್ ಹಾಕಿದರು. ಚೇತರಿಸಿಕೊಂಡ ಮೇಲೆ ಹೆಂಡತಿಯನ್ನೂ ಕರೆದುಕೊಂಡು ಲ್ಯಾಬಿಗೆ ಬಂದು, ಆ ಯಂತ್ರದ ಸುತ್ತ ಒಂದು ಸುತ್ತು ಹಾಕಿ ನೋಡಿ ಹೋದರು.

ಈಗ ಎರಡನೇ ಸಲ ರಕ್ತ ತೆಗೆಯುವಾಗ, ಯಾಕೆಂದು ಕೇಳದವರಿಗೂ ನಾನೇ ಕಾರಣ ಹೇಳುತ್ತೇನೆ.