ಮಾವ ಮುಂದಕ್ಕೆ ಹಾಕಿದ ಎರಡು ಟೈರು

ನಮ್ಮ ಮುನಿವೆಂಕಟಪ್ಪ ಮಾವ ಟೈರನ್ನು ಮೂಸಿ ನೋಡುತ್ತಿದ್ದ. ಬಂಗಾರಪೇಟೆ ಸ್ಟೇಷನ್ ಪಕ್ಕದ ಟೈರಂಗಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತಿ, ಆ ಬೆರಳನ್ನು ಮೂಗಿಗೆ ಹಿಡಿದು, "ಇದು ಗೋಡೌನ್‌ನಾಗೇ ಮುದುಕ ಆಗೈತೆ, ಬ್ಯಾಡ" ಅನ್ನುತ್ತಿದ್ದ. ಅಂಗಡಿಯವನಿಗೆ ಮೈಯೆಲ್ಲ ಉರಿ. ಬದನೆಕಾಯಿ ಆರಿಸುವ ಹೆಂಗಸರ ಹಾಗೆ ಒಂದು ಟೈರಿಗೆ ಅರ್ಧ ದಿನ ತಿನ್ನುವ ಗಿರಾಕಿ ಯಾರಿಗೆ ಬೇಕು ಹೇಳಿ. "ಮದ್ವೆಗೆ ಎಣ್ಣು ನೋಡುವಾಗ್ಲೂ ನೀನು ಇಷ್ಟೊತ್ತು ನೋಡ್ಲಿಲ್ಲ ಮಾವ" ಅಂತ ನಾನು ಕೆಣಕಿದರೆ, "ನಿಮ್ಮಕ್ಕನ್ನ ತೊಟ್ಲಾಗಿಂದ ನೋಡಿವ್ನಿ, ಒಸದಾಗಿ ಏನ್ ನೋಡಾದು" ಅಂತ ನಗುತ್ತಿದ್ದ.

ಅದೂ ನಿಜವೇ. ಮಾವ ನಮ್ಮಮ್ಮನ ಒಡಹುಟ್ಟಿದ ತಮ್ಮ. ತಾಯಿ ಸತ್ತ ಕೂಸನ್ನು ಅಮ್ಮನೇ ಸೊಂಟದ ಮೇಲೆ ಹೊತ್ತು ಸಾಕಿದ್ದಳು. ದೊಡ್ಡವನಾದ ಮೇಲೆ, ನಮ್ಮಲ್ಲಿ ನಡೆದುಬಂದ ಹಾಗೆ, ಹಿರಿಮಗಳು ರತ್ನಕ್ಕನನ್ನು ಅವನಿಗೇ ಕೊಟ್ಟಳು. "ತಮ್ಮನೂ ಇವ್ನೇ, ಅಳಿಯನೂ ಇವ್ನೇ. ಒಂದ್ಸಲ ಬೈದ್ರೆ ಇಬ್ರಿಗೂ ಬೈದಂಗಾಯ್ತು" ಅನ್ನುತ್ತಿದ್ದಳು ಅಮ್ಮ. ಬೈಯುತ್ತಲೇ ಅವನ ಮುದ್ದೆಗೆ ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು.

ಮಾವನಿಗೆ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಒಬ್ಬ ಬಿಳಿ ದೊರೆಯ ಹತ್ತಿರ ಕೆಲಸ. ಆ ದೊರೆಗೆ ರೇಸಿನ ಹುಚ್ಚು. ಮೇಲೆ ತಗಡಿಲ್ಲದ, ಎರಡೇ ಸೀಟಿನ ಹಸಿರು ಕಾರು, ಯುದ್ಧಕ್ಕೂ ಮುಂಚಿನದು. ಚಕ್ರಕ್ಕೆ ಸೈಕಲ್ಲಿನ ಹಾಗೆ ಕಡ್ಡಿಗಳು. ಅದರ ಆರೈಕೆಯೆಲ್ಲ ಮಾವನದು. ಒಮ್ಮೆ ಅಂಗಡಿಯವನು ದಪ್ಪನೆಯ ಟೈರು ಉರುಳಿಸಿ ತಂದು, ಇದನ್ನು ಹಾಕಿದರೆ ಕಾರು ಹುಲಿಯ ಹಾಗೆ ಕಾಣುತ್ತದೆ ಅಂದ. ಮಾವ, "ತಲೆ ನೋಡಿ ಕುಲಾವಿ ಒಲೀಬೇಕು ಕಣಣ್ಣ. ಈ ಚಕ್ರಕ್ಕೆ ಅಷ್ಟು ದಪ್ಪ ಆಕಿದ್ರೆ ಕಡ್ಡಿ ಮುರ್ಕಂಡು ಬತ್ತವೆ" ಅಂತ ಎದ್ದು ಬಂದ.

ಗಣಿ ಸರ್ಕಾರದ ಕೈಗೆ ಹೋದ ಮೇಲೆ ದೊರೆಗಳು ಒಬ್ಬೊಬ್ಬರಾಗಿ ತಮ್ಮ ಸೀಮೆಗೆ ಹೊರಟರು. ಮಾವನ ದೊರೆ ಹಿಂದೆ ಉಳಿದ ಕೆಲವರಲ್ಲೊಬ್ಬ. ಅವನೂ ಹೊರಟಾಗ ಕಾರನ್ನು ಮಾವನಿಗೇ ಬಿಟ್ಟುಹೋದ. ಜೊತೆಗೆ, ತನ್ನ ಊರಿನಿಂದ ಹಡಗಿನಲ್ಲಿ ತರಿಸಿದ್ದ ಎರಡು ರೇಡಿಯಲ್ ಟೈರು. ಇನ್ನೆರಡು ಬರಬೇಕಿತ್ತು. "ನಾಲ್ಕೂ ಬಂದ ಮೇಲೆ ಒಟ್ಟಿಗೆ ಹಾಕು" ಅಂತ ಹೇಳಿ ಹೋಗಿದ್ದ. ಯಾಕೆ ಅಂತ ಅವನು ಹೇಳಲಿಲ್ಲ, ಇವನು ಕೇಳಲಿಲ್ಲ.

ರೇಡಿಯಲ್ ಅನ್ನುವ ಮಾತನ್ನೇ ನಾವು ಕೇಳಿರಲಿಲ್ಲ. ಮಾವ ಅದನ್ನು ನಮ್ಮ ಜಗಲಿಗೆ ತಂದು ಪಾಠ ಮಾಡಿದ. "ಅಳೇ ಟೈರ್‌ನಾಗೆ ನೂಲು ಚಾಪೆ ಎಣೆದಂಗೆ ಅಡ್ಡಡ್ಡ ಓಗಿರ್ತದೆ. ಇದ್ರಾಗೆ ಈ ಅಂಚಿಂದ ಆ ಅಂಚಿಗೆ ನೆಟ್ಟಗೆ. ಅದ್ಕೇ ಪಕ್ಕ ಮೆತ್ತಗೆ. ನೆಲ ಕಚ್ಕಂಡ್ರೆ ಬುಡಾಕಿಲ್ಲ." ನೋಡಲೆಂದು ಒಂದನ್ನು ಕಾರಿಗೆ ಹಾಕಿ ಗಾಳಿ ತುಂಬಿದರೂ, ಗಾಳಿ ಇಳಿದ ಟೈರಿನ ಹಾಗೆ ಅದರ ಪಕ್ಕ ಭಾರಕ್ಕೆ ಉಬ್ಬಿಕೊಂಡಿತ್ತು. "ಬಸುರಿ ಇದ್ದಂಗೈತಲ್ಲಾ" ಅಂದಳು ಅಮ್ಮ. ರತ್ನಕ್ಕ ಬಿದ್ದು ಬಿದ್ದು ನಕ್ಕಳು. ಅವಳ ನಗು ನನಗೆ ಈಗಲೂ ಕೇಳುತ್ತದೆ.

ಉಳಿದೆರಡು ಬರಲೇ ಇಲ್ಲ. ಅಷ್ಟರಲ್ಲಿ ಕಾರಿನ ಮುಂದಿನ ಹಳೇ ಟೈರು ಬಿರುಕು ಬಿಟ್ಟಿತು. ಗಂಡ ಹೆಂಡತಿ ಭಾನುವಾರ ಭಾನುವಾರ ಚಾಂಪಿಯನ್ ರೀಫ್ಸ್‌ನಿಂದ ಬಂಗಾರಪೇಟೆಗೆ, ನಮ್ಮ ಮನೆಗೆ, ಅದೇ ಕಾರಿನಲ್ಲಿ ಬರುತ್ತಿದ್ದರು. ಮಾವನ ಗೆಳೆಯನೊಬ್ಬ ಲಾರಿಯ ಮುಂದಿನ ಟೈರು ಒಡೆದು ಸತ್ತಿದ್ದ. ಆ ಭಯ ಮಾವನಿಗೆ ಹೋಗಿರಲಿಲ್ಲ. "ಇಂದ್ಲದು ಒಡೆದ್ರೆ ಗಾಡಿ ಕುಂತ್ಕಂತದೆ. ಮುಂದ್ಲದು ಒಡೆದ್ರೆ ಮನುಸ ಕುಂತಂಗೇ ಓಯ್ತಾನೆ. ರತ್ನ ಕೂರೋ ಗಾಡಿ, ಒಳ್ಳೇವು ಮುಂದಿರ್ಲಿ" ಅಂತ ಆ ಎರಡು ರೇಡಿಯಲ್ಲನ್ನು ಮುಂದಕ್ಕೆ ಹಾಕಿದ. ಹಿಂದೆ ಹಳೇವೇ ಉಳಿದವು. ಯಾರೂ ಬೇಡ ಅನ್ನಲಿಲ್ಲ. ಯಾರಿಗೆ ಗೊತ್ತಿತ್ತು?

ಒಂದು ಭಾನುವಾರ ಸಂಜೆ ನಮ್ಮಲ್ಲಿ ಊಟ ಮುಗಿಸಿ ಹೊರಟರು. ದಾರಿಯಲ್ಲಿ ಮಳೆ ಹನಿಯಿತು. ಹುಣಸೆಮರದ ತಿರುವಿನಲ್ಲಿ ಮಾವ ಸ್ಟಿಯರಿಂಗ್ ತಿರುಗಿಸಿದ. ಮುಂದಿನ ಚಕ್ರ ಹೇಳಿದ ಹಾಗೆ ಕೇಳಿತು. ಹಿಂಭಾಗ ಜಾರಿಕೊಂಡು ಸುತ್ತಿ, ಅಕ್ಕ ಕೂತಿದ್ದ ಕಡೆಯೇ ಹೋಗಿ ಮರಕ್ಕೆ ಹೊಡೆಯಿತು. ಮಾವನಿಗೆ ಮೊಣಕೈ ತರಚಿತ್ತು, ಅಷ್ಟೇ. ರತ್ನಕ್ಕ ಅಲ್ಲೇ ಹೋದಳು.

ಜನ ಮಳೆಯನ್ನು ಬೈದರು, ಮರವನ್ನು ಬೈದರು. ಆ ಹುಣಸೆಮರದಲ್ಲಿ ಏನೋ ಇದೆ ಅಂತ ಡ್ರೈವರುಗಳು ಅಲ್ಲಿ ತೆಂಗಿನಕಾಯಿ ಒಡೆಯಲು ಶುರುಮಾಡಿದರು. ಅಮ್ಮ ಮಗಳನ್ನು ಕಳಕೊಂಡ ಸಂಕಟದಲ್ಲೂ ತಮ್ಮನನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡು ಬಲವಂತ ಮಾಡಿ ಉಣಿಸುತ್ತಿದ್ದಳು. "ನಿಂದೇನೂ ತಪ್ಪಿಲ್ಲ ಕಣ್ಲಾ. ಅವಳ ಅಣೇಲಿ ಅಷ್ಟೇ ಬರ್ದಿತ್ತು" ಅನ್ನುತ್ತಿದ್ದಳು.

ಮಾವನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಕಾರನ್ನು ತಾನೇ ರಿಪೇರಿ ಮಾಡಿ, ಮಳೆ ಬಿದ್ದ ಒಂದು ದಿನ ಸೈನೇಡ್ ದಿಬ್ಬದ ಕೆಳಗಿನ ಬಯಲಿಗೆ ತಗೊಂಡುಹೋದ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಬೂದುಮಣ್ಣಿನ ದಿಬ್ಬ ಅದು. ನೆನೆದರೆ ಅದರ ಬುಡ ಬೆಣ್ಣೆ. ಅವನನ್ನು ಕರೆತರಲು ಅಪ್ಪನೂ ನಾನೂ ಹೋದೆವು. ಮಾವ ಬಯಲಿನಲ್ಲಿ ಒಂದು ಕಲ್ಲನ್ನು ಸುತ್ತಿ ಕಾರು ತಿರುಗಿಸುತ್ತಿದ್ದ. ತಿರುಗಿಸಿದಾಗಲೆಲ್ಲ ಹಿಂಭಾಗ ಜಾರಿ ಸುತ್ತಿಕೊಳ್ಳುತ್ತಿತ್ತು. ಆಮೇಲೆ ಇಳಿದು, ಜಾಕಿ ಕೊಟ್ಟು, ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿದ. ಅದೇ ಕಲ್ಲು, ಅದೇ ತಿರುವು. ಕಾರು ಸ್ವಲ್ಪ ಹೊರಗೆ ಸರಿಯಿತು, ಆದರೆ ಸುತ್ತಲಿಲ್ಲ. ಮತ್ತೆ ತಿರುಗಿಸಿದ. ಸುತ್ತಲಿಲ್ಲ.

ಮಾವ ಇಳಿದು ಕೆಸರಿನಲ್ಲೇ ಕೂತ. "ಮಳೆ ಅಲ್ಲ ಭಾವ, ಮರ ಅಲ್ಲ. ಮುಂದ್ಲವು ಕಚ್ಕಂಡ್ವು, ಇಂದ್ಲವುಕ್ಕೆ ಕಚ್ಕಳಾಕಾಗ್ಲಿಲ್ಲ. ಇಂದ್ಕೆ ಆಕಿದ್ರೆ ರತ್ನ ಇರ್ತಿದ್ಲು."

ಅಪ್ಪ ಅವನ ಭುಜ ಹಿಡಿದುಕೊಂಡರು. "ಈ ಮಾತು ಇಲ್ಲೇ ಊತಾಕು ಮುನೆಂಕಟ. ನಿಮ್ಮಕ್ಕನ ಕಿವಿಗೆ ಬೀಳಾದು ಬ್ಯಾಡ."

"ಗಣಿ ಲೈನ್‌ಮನೆ ಡ್ರೈವರೊಬ್ಬ ಈ ಎರಡೂ ಕೊಡು, ನಮ್ ಸಾಹೇಬ್ರ ಕಾರ್‌ಗೆ ಮುಂದ್ಕೆ ಆಕ್ತೀನಿ ಅಂತವ್ನೆ. ನಾನು ಸುಮ್ಕಿದ್ರೆ ಎಂಗೆ?"

ಆ ಸಂಜೆ ನಮ್ಮ ಜಗಲಿಯಲ್ಲಿ, ಮಾತಾಡಿಸಲು ಬಂದಿದ್ದ ನಾಲ್ಕು ಜನ ಡ್ರೈವರುಗಳ ಮುಂದೆ ಎಲ್ಲವನ್ನೂ ಹೇಳಿದ. ಒಳಗೆ ಮುದ್ದೆ ಕಟ್ಟುತ್ತಿದ್ದ ಅಮ್ಮನ ಕೈ ನಿಂತಿತು. ಎಲ್ಲರಿಗೂ ತಟ್ಟೆ ಹಾಕಿದಳು, ಮಾವನಿಗೆ ಹಾಕಲಿಲ್ಲ. ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟಳು.

ನನಗೆ ಇಬ್ಬರ ಮೇಲೂ ಸಿಟ್ಟು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿಯುತ್ತಿತ್ತು? ನಿಜ ಹೇಳಿ ಅವನು ಕಟ್ಟಿಕೊಂಡಿದ್ದೇನು, ಮಣ್ಣು. ಇದ್ದೊಬ್ಬ ಅಕ್ಕನನ್ನೂ ಕಳಕೊಂಡ. ನನ್ನನ್ನು ಅವನಿಗೆ ಕೊಡುವ ಮಾತೆತ್ತಿದ ನೆಂಟರ ಬಾಯನ್ನು ಅಮ್ಮ ಒಂದೇ ನೋಟಕ್ಕೆ ಮುಚ್ಚಿಸಿದಳು.

ಮಾವ ಕಾರನ್ನು ಗುಜರಿಗೆ ಹಾಕಿ, ಅದೇ ಸ್ಟೇಷನ್ ಪಕ್ಕದ ಟೈರಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಬಂದವರಿಗೆಲ್ಲ ಒಂದೇ ಮಂತ್ರ: "ನಾಲ್ಕೂ ಒಂದೇ ಜಾತಿ ಇರ್ಲಿ. ಎರಡೇ ಒಳ್ಳೇವಿದ್ರೆ ಇಂದ್ಕೆ ಆಕು." ಅಮ್ಮ ಸಂತೆಗೆ ಹೋಗುವಾಗ ಆ ಬೀದಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಳು.

ನಾನು ಮೊದಲ ಬಾಣಂತನಕ್ಕೆ ತವರಿಗೆ ಬರುವಷ್ಟರಲ್ಲಿ ಮಾವ ಎದೆನೋವಿನಿಂದ ತೀರಿಹೋಗಿದ್ದ. ನಾನವನನ್ನು ಕಡೆಗೆ ನೋಡಿದ್ದು ನನ್ನ ಮದುವೆಯ ದಿನ.

ಅಪ್ಪ ಕರೆದಿದ್ದಕ್ಕೆ ಬಂದು ಚಪ್ಪರದ ಹೊರಗೇ ನಿಂತಿದ್ದ. ಸಣ್ಣಗೆ ಹನಿಯುತ್ತಿತ್ತು. ಗಂಡನ ಮನೆಗೆ ಹೊರಡಲು ನಾನು ಬಾಡಿಗೆ ಕಾರಿನಲ್ಲಿ ಕೂತಾಗ ಮಾವ ಹತ್ತಿರ ಬಂದ, ಬಗ್ಗಿದ, ಹಿಂದಿನ ಟೈರಿನ ಮೇಲೆ ಬೆರಳಾಡಿಸಿದ. ಸವೆದು ನುಣ್ಣಗಾಗಿತ್ತು. ಮುಂದಿನವು ಹೊಸವು. "ಇಳೀಯಮ್ಮ ಸರೋಜಾ" ಅಂದ.

"ರಾಹುಕಾಲ ಬತ್ತೈತೆ" ಅಂತ ಗಂಡಿನ ದೊಡ್ಡಪ್ಪ ಸಿಡುಕಿದರು.

"ಬಂದು ಓಗ್ಲಿ ಬುಡಿ ಸ್ವಾಮಿ. ಟೈರ್ ಬದಲಾಯ್ಸ್‌ದೆ ಈ ಮಗೂನ ಕಳ್ಸಾಕಿಲ್ಲ."

ಒಗೆದ ಬಿಳಿ ಪಂಚೆಯಲ್ಲೇ ಕೆಸರಿಗೆ ಮಂಡಿಯೂರಿ, ಜಾಕಿ ಕೊಟ್ಟು, ಮುಂದಿನವನ್ನು ಹಿಂದಕ್ಕೆ ಹಾಕಿದ. ಅವನು ಎದ್ದು ಮಸಿ ಕೈಗಳನ್ನು ಮುಂದೆ ಹಿಡಿದು ನಿಂತಾಗ ಒಳಗಿನಿಂದ ಅಮ್ಮ ಚೊಂಬು ಹಿಡಿದು ಬಂದಳು. ಅವನ ಕೈಗೆ ನೀರು ಬಿಟ್ಟಳು. ಮಸಿ ಹೋಗುವ ತನಕ ಬಿಟ್ಟಳು.

"ರತ್ನಂಗೂ ನೀನು ಇಂಗೇ ನೋಡಿ ನೋಡಿ ಆಕಿದ್ದೆ ಅಲ್ವೇನ್ಲಾ" ಅಂದಳು.

ಮಾವ ಚೊಂಬು ಬರಿದಾದ ಮೇಲೂ ಕೈಗಳನ್ನು ಹಾಗೇ ಹಿಡಿದುಕೊಂಡಿದ್ದ. "ಉಣ್ಣಾಕ್ ಬಾ" ಅಂತ ಅಮ್ಮ ಅವನ ಒದ್ದೆ ಕೈ ಹಿಡಿದಳು.

ಕಾರು ಹೊರಟಿತು. ನಾನು ತಿರುಗಿ ನೋಡಿದೆ. ಅಮ್ಮ ನನ್ನನ್ನು ನೋಡಿ ಅಳುತ್ತಿದ್ದಳು. ಅವಳ ಕೈ ಬಿಡದೆ ನಿಂತಿದ್ದ ಮಾವ ನನ್ನನ್ನು ನೋಡುತ್ತಿರಲಿಲ್ಲ, ಬೀದಿಯ ತಿರುವು ದಾಟುವವರೆಗೂ ಹಿಂದಿನ ಚಕ್ರಗಳನ್ನೇ ನೋಡುತ್ತಿದ್ದ.